ಹಂದಿ ಸಬ್ಸಿಡಿ: ಎರಡು ಸಲ ವಾಪಸ್ ಬಂದ ಫೈಲು, ಮೂರನೇ ಸಲ ಬಂದ ದುಡ್ಡು

"ಸಬ್ಸಿಡಿ ಬಂದ ದಿನ ಹೇಳು, ಹಂದಿ ಮಾಂಸದ ಪಂದಿ ಕರಿ ಊಟಕ್ಕೆ ಬರ್ತೇವೆ" ಅಂತ ನಕ್ಕವರು ನಮ್ಮೂರಲ್ಲಿ ಕಡಿಮೆ ಇಲ್ಲ. ಹೋದ ತಿಂಗಳು ಎರಡನೇ ಕಂತೂ ಬಂತು. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಅರ್ಜಿ ಹಾಕಿದ್ದು ರಾಷ್ಟ್ರೀಯ ಜಾನುವಾರು ಮಿಷನ್‌ಗೆ, ಜಾನುವಾರು ಸಾಕಣೆಗೆ ಇರುವ ಕೇಂದ್ರ ಸರ್ಕಾರದ ಯೋಜನೆ. 50 ತಾಯಿ ಹಂದಿ, 5 ಗಂಡು ಇರುವ ಘಟಕಕ್ಕೆ ಅರ್ಧ ಖರ್ಚು ಸಬ್ಸಿಡಿ, ಜಾಸ್ತಿ ಅಂದರೆ 15 ಲಕ್ಷ.

ಮೊದಲ ಸಲ ನಾನು ಸೋತಿದ್ದು ಪಹಣಿಯಲ್ಲಿ. ನಮ್ಮದು ಜಮ್ಮಾ ಬಾಣೆ, ಅಂದರೆ ಕೊಡಗಿನಲ್ಲಿ ತಲೆತಲಾಂತರದಿಂದ ಇಡೀ ಮನೆತನಕ್ಕೆ ಸೇರಿದ ಜಾಗ. ಪಟ್ಟೆದಾರರ (ಮನೆತನದ ಹಿರಿಯರ) ಹೆಸರಿನ ಜೊತೆ ಒಕ್ಕದ, ಅಂದರೆ ಮನೆತನದ, 17 ಜನರ ಹೆಸರು. ಮೂವರು ತೀರಿಕೊಂಡು ಎಷ್ಟೋ ವರ್ಷ, ಅವರ ಮಕ್ಕಳು ಬೆಂಗಳೂರಿನಲ್ಲಿ ಕೆಲವರು, ದುಬೈನಲ್ಲಿ ಒಬ್ಬ. ಒಪ್ಪಿಗೆ ಪತ್ರ ಹಿಡಿದು ಎಂಟು ತಿಂಗಳು ಅಲೆದೆ. ಪೆಟ್ರೋಲು, ನೋಟರಿ, ಜೆರಾಕ್ಸ್ ಎಲ್ಲ ಸೇರಿ 30 ಸಾವಿರದ ಹತ್ತಿರ ಹೋಯಿತು. ಕೊನೆಯ ಒಂದು ಸಹಿ ಆಗಲೇ ಇಲ್ಲ. ಹಳೆಯ ಬೇಲಿ ಜಗಳ, ಬಿಡಿ.

ಎರಡನೇ ಸಲ ಬ್ಯಾಂಕಿನಲ್ಲಿ ನಿಂತಿತು. "ಹಂದಿಗೆ ಸಾಲನಾ? ಆಫ್ರಿಕನ್ ಹಂದಿ ಜ್ವರ ಬಂದ್ರೆ ಏನ್ರೀ ಮಾಡ್ತೀರಿ?" ಮ್ಯಾನೇಜರ್ ಕೇಳಿದ್ದು ತಪ್ಪಲ್ಲ, ನಮ್ಮಲ್ಲಿ ಅದಕ್ಕೆ ಲಸಿಕೆಯೇ ಇಲ್ಲ. ನನ್ನ ಪ್ರಾಜೆಕ್ಟ್ ರಿಪೋರ್ಟಿನಲ್ಲಿ ಉತ್ತರವೂ ಇರಲಿಲ್ಲ. 12 ಸಾವಿರ ಕೊಟ್ಟು ಮಾಡಿಸಿದ್ದು, ಪೂರ್ತಿ ಬಯಲುಸೀಮೆ ಲೆಕ್ಕ. ಮಳೆಗಾಲ ಅನ್ನೋ ಪದವೇ ಅದರಲ್ಲಿಲ್ಲ!

ಮೂರನೇ ಸಲ ರಿಪೋರ್ಟು ನಾನೇ ಬರೆದೆ. ಗೇಟಿನ ಹೊರಗೇ ಗಾಡಿ ನಿಲ್ಲಬೇಕು, ಕಾಲು ತೊಳೆಯುವ ತೊಟ್ಟಿ, ಹೋಟೆಲ್ ಎಂಜಲು ಕುದಿಸದೆ ಹಾಕುವಂತಿಲ್ಲ, ವಿಮೆ, ಎಲ್ಲ ಹಾಕಿದೆ. ಕೊನೇ ಪುಟದಲ್ಲಿ ಒಂದು ಲೆಕ್ಕ ಕೊಟ್ಟಿದ್ದೆ, ಮ್ಯಾನೇಜರ್ ಅದನ್ನೇ ಎರಡು ಸಲ ಓದಿದರು. ಅದು ಮಾತ್ರ ಹೇಳಲ್ಲ.

ಜಾಗಕ್ಕೆ ಭಾವನ ಹತ್ತಿರ ಹೋದೆ. ಕುಶಾಲನಗರದ ಕಡೆ ಅವರದ್ದು ಖರೀದಿ ಜಾಗ, ಪಹಣಿಯಲ್ಲಿ ಒಂದೇ ಹೆಸರು. ಲೀಸ್ ಜಾಗವೂ ಈ ಯೋಜನೆಗೆ ನಡೆಯುತ್ತದೆ. ನಮ್ಮಲ್ಲಿ ಎಷ್ಟೋ ಜನ ಇದನ್ನು ನೋಡುವುದೇ ಇಲ್ಲ. "ಜಾಗ ತಗೋ, ವಾಸನೆ ಮಾತ್ರ ಮನೆ ಕಡೆ ಬರಬಾರದು" ಅಂದರು ಭಾವ. ಲೀಸ್ ರಿಜಿಸ್ಟರ್ ಮಾಡಿಸಿದೆ. ಅಡಮಾನಕ್ಕೆ ನನ್ನ ಸೈಟು ಇಟ್ಟೆ. ಹೆಂಡತಿ ಎರಡು ವಾರ ಸರಿಯಾಗಿ ಮಾತಾಡಲಿಲ್ಲ.

ಸಬ್ಸಿಡಿ ದುಡ್ಡು ಮೊದಲೇ ಕೈಗೆ ಬರುತ್ತದೆ ಅಂತ ಲೆಕ್ಕ ಹಾಕಬೇಡಿ. ಮೊದಲ ಕಂತು ಬ್ಯಾಂಕು ಸಾಲ ಬಿಟ್ಟ ಮೇಲೆ, ಎರಡನೆಯದು ಘಟಕ ಪೂರ್ತಿಯಾಗಿ ಇಲಾಖೆಯವರು ನೋಡಿದ ಮೇಲೆ. ಅಲ್ಲಿಯವರೆಗೆ ಮೇಸ್ತ್ರಿ, ಮೇವು ಎಲ್ಲ ನಮ್ಮ ಜೇಬಿನಿಂದ. ನಾನು ಮೂರು ಲಕ್ಷದಷ್ಟು ಕೈಸಾಲ ಮಾಡಿದೆ. ಆ ವರ್ಷದ ಕಾಳುಮೆಣಸೂ ಅದಕ್ಕೇ ಹೋಯಿತು.

ನಡುವೆ ಒಂದು ಪ್ರಯೋಗ. ಕಾಫಿ ಹಣ್ಣು ಪಲ್ಪಿಂಗ್ ಮಾಡಿ ಬಿಡಿಸಿದ ಸಿಪ್ಪೆ ಸುಮ್ನೆ ರಾಶಿ ಬೀಳುತ್ತಲ್ವಾ, ಮೇವಿಗೆ ಬೆರೆಸಿ ನೋಡಿದೆ. ಹಂದಿಗಳು ಮೂಸಿ ಪಕ್ಕಕ್ಕೆ ತಳ್ಳಿದವು, ತಿಂದವುಗಳ ತೂಕ ಏರಲಿಲ್ಲ. ಹಲಸು ಮಾತ್ರ ಭರ್ಜರಿ. ಮೇ, ಜೂನ್‌ನಲ್ಲಿ ಮೇವಿನ ಖರ್ಚು ಕಾಲು ಭಾಗ ಇಳಿಯಿತು. ಆನೆಗೂ ವಾಸನೆ ಹೊಡೆಯುತ್ತೆ, ಅದಕ್ಕೆ ಹಣ್ಣು ಶೆಡ್ಡಿನ ಹತ್ತಿರ ರಾತ್ರಿ ಇಡಬೇಡಿ.

ತಪಾಸಣೆ ದಿನ ಜಡಿ ಮಳೆ. ಗೂಡುಗಳ ಮೇಲೆ ಸೀಮೆಸುಣ್ಣದಲ್ಲಿ ನಂಬರ್ ಬರೆದಿದ್ದೆ, ಎರಚಲಿಗೆ ಎಲ್ಲ ಅಳಿಸಿಹೋಗಿತ್ತು. ಬಂದವರು ತಾಯಿ ಹಂದಿ ಎಣಿಸಿದರೆ 48, ಮತ್ತೆ ಎಣಿಸಿದರೆ 51. ಕೊನೆಗೆ ಒಂದೊಂದನ್ನೇ ಹಿಡಿದು ಕಿವಿ ಟ್ಯಾಗ್ ಓದಿದೆವು, ನನ್ನ ಮಗ ಕೊಡೆ ಹಿಡಿದು ಬರೆದುಕೊಂಡ. ಜಿಪಿಎಸ್ ಫೋಟೋ ಸಿಲ್ವರ್ ಓಕ್ ಕೆಳಗೆ ಬರಲೇ ಇಲ್ಲ. ಎಲ್ಲರೂ ಗೇಟಿನವರೆಗೆ ನಡೆದು, ಬಯಲಿನಲ್ಲಿ ನಿಂತು, ಹಿಂದೆ ಶೆಡ್ ಕಾಣುವ ಹಾಗೆ ತೆಗೆದೆವು.

ಮೊನ್ನೆ ನಕ್ಕವರಲ್ಲೇ ಒಬ್ಬರು ಫೈಲು ಹಿಡಿದು ಬಂದಿದ್ದರು. ಅವರ ಪಹಣಿಯಲ್ಲಿ 23 ಹೆಸರು. ನಿಮಗೆ ಭಾವ ಯಾರಾದರೂ ಇದ್ದಾರಾ ಅಂತ ಕೇಳಿದೆ.