ಫೈಬರ್ ದೋಣಿಯ ಬಿರುಕು: ಮಳೆ ಹಿಡಿಯುವ ಮೊದಲೇ ಮುಚ್ಚಿ

ಮಲ್ಪೆ, ಗಂಗೊಳ್ಳಿ, ಭಟ್ಕಳ, ಕಾರವಾರ, ಯಾವ ಕಡೆ ಹೋದರೂ ದಡಕ್ಕೆ ಎಳೆದಿಟ್ಟ ಫೈಬರ್ ದೋಣಿಗಳು ಕಾಣುತ್ತವೆ. ಮರದ ದೋಣಿಯಷ್ಟು ಆರೈಕೆ ಇವು ಕೇಳುವುದಿಲ್ಲ, ನಿಜ. ಹಾಗಂತ ಸುಮ್ನೆ ಬಿಟ್ಟುಬಿಡುವಂತೆಯೂ ಇಲ್ಲ. ಹೊಯ್ಗೆಯ ಮೇಲೆ ಎಳೆಯುವಾಗ ಕಲ್ಲು ಗೀರುತ್ತದೆ, ದಕ್ಕೆಯಲ್ಲಿ ಪಕ್ಕದ ದೋಣಿ ಬಡಿಯುತ್ತದೆ, ಲಂಗರು ಕೈತಪ್ಪಿ ಅಂಚಿನ ಮೇಲೆ ಬೀಳುತ್ತದೆ. ಹೊಳೆಯುವ ಮೈಯಲ್ಲಿ ಒಂದು ಚಕ್ಕೆ ಎದ್ದಿರುತ್ತದೆ.

ಆ ಹೊಳೆಯುವ ಪದರವೇ ಜೆಲ್‌ಕೋಟ್. ಬಣ್ಣ ಬೆರೆಸಿದ ಪಾಲಿಯೆಸ್ಟರ್ ರೆಸಿನ್ ಅದು. ದಪ್ಪ ಸುಮಾರು ಅರ್ಧ ಮಿಲಿಮೀಟರ್, ಅಷ್ಟೇ. ಒಳಗಿನ ಗಾಜಿನ ನಾರಿಗೆ ನೀರು, ಬಿಸಿಲು ತಾಗದಂತೆ ಕಾಯುವುದು ಇದರ ಕೆಲಸ. ಬಿರುಕು ಬಿಟ್ಟರೆ ಉಪ್ಪುನೀರು ಮೆಲ್ಲಗೆ ಒಳಗಿಳಿಯುತ್ತದೆ. ಇವತ್ತು ಒಂದು ಗಂಟೆಯಲ್ಲಿ ಮುಚ್ಚಬಹುದಾದದ್ದು ಮುಂದೆ ಮ್ಯಾಟ್ (ಗಾಜಿನ ನಾರಿನ ಹಾಸು) ಕಿತ್ತು ಹೊಸದಾಗಿ ಹಾಕುವ ಕೆಲಸವಾಗುತ್ತದೆ.

ಯಾವಾಗ ಮಾಡಬೇಕು?

ಯಾಂತ್ರೀಕೃತ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆ ನಿಷೇಧ. ಹೇಗೂ ರಜೆ ಇದೆ, ಆಗ ನೋಡಿಕೊಂಡರಾಯ್ತು ಎಂದು ಬಹಳ ಜನ ಮುಂದೂಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಕರಾವಳಿಯ ಮಳೆಗಾಲದಲ್ಲಿ ಗಾಳಿಯೇ ಒದ್ದೆ. ತೇವ ಇದ್ದಲ್ಲಿ ಜೆಲ್‌ಕೋಟ್ ಸರಿಯಾಗಿ ಗಟ್ಟಿಯಾಗುವುದೂ ಇಲ್ಲ, ಹಿಡಿದುಕೊಳ್ಳುವುದೂ ಇಲ್ಲ. ಏಪ್ರಿಲ್, ಮೇ ತಿಂಗಳ ಒಣ ದಿನಗಳೇ ಇದಕ್ಕೆ ಸರಿ. ಬೆಳಿಗ್ಗೆ, ನೆರಳಿನಲ್ಲಿ ಮಾಡಿ. ಬಿಸಿಲಿಗೆ ಕಾದ ಮೈಗೆ ಹಚ್ಚಿದರೆ ನೀವು ಸಪಾಟು ಮಾಡುವ ಮೊದಲೇ ಅದು ಸೆಟ್ ಆಗಿಬಿಡುತ್ತದೆ.

ಮೊದಲು ತಟ್ಟಿ ನೋಡಿ

ಒಂದು ನಾಣ್ಯದಿಂದ ಬಿರುಕಿನ ಸುತ್ತ ತಟ್ಟಿ. ಟಣ್ ಟಣ್ ಎಂದು ಗಟ್ಟಿ ಸದ್ದು ಬಂದರೆ ಒಳಗಿನ ಪದರ ಚೆನ್ನಾಗಿದೆ. ಮಂದವಾದ, ಪೊಳ್ಳು ಸದ್ದು ಬಂದರೆ ಪದರಗಳು ಬಿಟ್ಟುಕೊಂಡಿವೆ. ಒತ್ತಿದಾಗ ಮೈ ಬಗ್ಗಿದರೂ ಅಷ್ಟೇ. ಅಂಥದ್ದು ಫೈಬರ್ ಕೆಲಸದವರಿಗೆ ಬಿಡಬೇಕಾದ ರಿಪೇರಿ. ನಾವಾಗಿ ಮಾಡಬಹುದಾದದ್ದು ಗೀರು, ಸಣ್ಣ ಚಕ್ಕೆ ಮತ್ತು ಕೂದಲೆಳೆಯಂಥ ಬಿರುಕು.

ತಯಾರಿಯೇ ಮುಕ್ಕಾಲು ಕೆಲಸ

ಸಿಹಿನೀರಿನಲ್ಲಿ ಸೋಪು ಹಾಕಿ ತೊಳೆದು ಪೂರ್ತಿ ಒಣಗಿಸಿ. ಆಮೇಲೆ ಅಸಿಟೋನ್ (ಜಿಡ್ಡು ತೆಗೆಯುವ, ಬೇಗ ಬೆಂಕಿ ಹಿಡಿಯುವ ದ್ರಾವಕ) ಹಾಕಿದ ಬಟ್ಟೆಯಿಂದ ಒಂದೇ ದಿಕ್ಕಿಗೆ ಒರೆಸಿ, ಬಟ್ಟೆಯ ಮಗ್ಗುಲು ಬದಲಿಸುತ್ತಾ ಇರಿ. ಉಜ್ಜುವುದಕ್ಕೆ ಮೊದಲೇ ಇದನ್ನು ಮಾಡಬೇಕು. ಇಲ್ಲದಿದ್ದರೆ ಹಳೆಯ ಮೇಣ, ಎಣ್ಣೆ, ಮೀನಿನ ಜಿಡ್ಡು ಎಲ್ಲವನ್ನೂ ಸ್ಯಾಂಡ್‌ಪೇಪರ್ ಒಳಕ್ಕೇ ತಿಕ್ಕುತ್ತದೆ. ಜೆಲ್‌ಕೋಟ್ ಮೇಲೆ ಇನಾಮೆಲ್ ಪೇಂಟ್ ಬಳಿದಿದ್ದರೆ ಅದನ್ನೂ ಅಲ್ಲಿ ಪೂರ್ತಿ ತೆಗೆಯಿರಿ.

ಈಗ ಬಿರುಕನ್ನು ದೊಡ್ಡದು ಮಾಡಬೇಕು. ಇಲ್ಲೇ ಎಲ್ಲರ ಕೈ ಹಿಂಜರಿಯುವುದು. ಆದರೆ ಕೂದಲೆಳೆಯ ಮೇಲೆ ಹಾಗೇ ಸವರಿದರೆ ಜೆಲ್‌ಕೋಟ್ ಒಳಗೆ ಇಳಿಯುವುದೇ ಇಲ್ಲ. ನಾಲ್ಕು ದಿನ ಅಲೆ ಹೊಡೆದರೆ ಅದೇ ಗೆರೆ ಮತ್ತೆ ಮೇಲೆ ಬರುತ್ತದೆ. ಚೂಪಾದ ಸ್ಕ್ರೂಡ್ರೈವರ್ ತುದಿಯಿಂದ ಬಿರುಕಿನುದ್ದಕ್ಕೂ ಕೆರೆಯಿರಿ. ಬಾಯಿ ಅಗಲ, ತಳ ಕಿರಿದಾದ ಕಾಲುವೆಯಾಗಬೇಕು. ಗೆರೆ ಕಾಣದಾಗುವವರೆಗೂ ಕೆರೆಯಬೇಕು. ಸಡಿಲವಾಗಿ ನಿಂತ ಚಕ್ಕೆಗಳು ಬಂದುಬಿಡಲಿ. ಅಂಚನ್ನು 120ರ ಸ್ಯಾಂಡ್‌ಪೇಪರಿನಿಂದ ಇಳಿಜಾರು ಮಾಡಿ, ಸುತ್ತ ಒಂದೆರಡು ಬೆರಳಗಲ 220ರಲ್ಲಿ ಒರಟು ಮಾಡಿ. ಹುಡಿ ಕೊಡವಿ, ಮತ್ತೊಮ್ಮೆ ಅಸಿಟೋನ್. ಸುತ್ತ ಮಾಸ್ಕಿಂಗ್ ಟೇಪ್. ಕೆರೆಯುವಾಗ ಒಳಗಿನ ನಾರು ಹರಿದಿರುವುದು ಕಂಡರೆ ಅಲ್ಲಿಗೇ ನಿಲ್ಲಿಸಿ. ಮೊದಲು ಮ್ಯಾಟ್, ರೆಸಿನ್ ಹಾಕಬೇಕು, ಆಮೇಲೆ ಜೆಲ್‌ಕೋಟ್.

ಬೆರೆಸುವಾಗ ಹುಷಾರು

ಜೆಲ್‌ಕೋಟ್ ಗಟ್ಟಿಯಾಗಲು ಬೆರೆಸುವ ಹಾರ್ಡನರ್ ಎಂದು ಅಂಗಡಿಯಲ್ಲಿ ಕೊಡುವುದು ಎಂಇಕೆಪಿ ಎಂಬ ರಾಸಾಯನಿಕ. ಒಂದು ಹನಿ ಕಣ್ಣಿಗೆ ಬಿದ್ದರೂ ದೃಷ್ಟಿಗೇ ಅಪಾಯ. ಕನ್ನಡಕ, ಕೈಗವಸು ಇಲ್ಲದೆ ಬಾಟಲಿ ತೆರೆಯಲೇಬೇಡಿ. ಬಿದ್ದರೆ ಕೂಡಲೇ 15 ನಿಮಿಷ ನೀರು ಹರಿಸಿ ಆಸ್ಪತ್ರೆಗೆ ಹೋಗಿ. ಇನ್ನೊಂದು ಮಾತು. ಕೆಲವು ರೆಸಿನ್‌ಗಳಿಗೆ ಬೇಗ ಗಟ್ಟಿಯಾಗಲು ನೇರಳೆ ಬಣ್ಣದ ಕೋಬಾಲ್ಟ್ ದ್ರವವನ್ನು ಬೇರೆಯಾಗಿ ಹಾಕಬೇಕಾಗುತ್ತದೆ. ಕೋಬಾಲ್ಟ್ ಮತ್ತು ಹಾರ್ಡನರ್ ನೇರವಾಗಿ ಸೇರಿದರೆ ಬೆಂಕಿ ಹೊತ್ತಿಕೊಳ್ಳಬಹುದು, ಸಿಡಿಯಲೂಬಹುದು. ಕೋಬಾಲ್ಟ್ ಮೊದಲೇ ಬೆರೆತಿರುವ ಜೆಲ್‌ಕೋಟನ್ನೇ ಕೇಳಿ ತನ್ನಿ, ತಲೆಬಿಸಿ ಇರುವುದಿಲ್ಲ.

50 ಗ್ರಾಂ ಜೆಲ್‌ಕೋಟ್ ಸಣ್ಣಪುಟ್ಟ ಹಲವು ಗಾಯಗಳಿಗೆ ಸಾಕು. ಹಾರ್ಡನರ್ ಸಾಮಾನ್ಯವಾಗಿ ತೂಕದ ಶೇ 1ರಿಂದ 2. ನಮ್ಮ ಸೆಕೆಗೆ ಶೇ 1.5 ಧಾರಾಳವಾಯಿತು. ಅಂದರೆ 50 ಗ್ರಾಂಗೆ ಸುಮಾರು 0.7 ಮಿಲಿಲೀಟರ್. ಸೂಜಿ ತೆಗೆದ 1 ಮಿಲಿಲೀಟರ್ ಸಿರಿಂಜಿನಲ್ಲಿ ಅಳೆಯಿರಿ, ಅಂದಾಜಿಗೆ ಸುರಿಯಬೇಡಿ. ಡಬ್ಬಿಯ ಮೇಲೆ ಬೇರೆ ಅಳತೆ ಇದ್ದರೆ ಅದೇ ಸರಿ. ಥರ್ಮೋಕೋಲ್ ಕಪ್ಪಿನಲ್ಲಿ ಕಲಸಬೇಡಿ, ರೆಸಿನ್ ಅದನ್ನು ಕರಗಿಸಿಬಿಡುತ್ತದೆ. ಸ್ಟೀಲ್ ಬಟ್ಟಲು ಒಳ್ಳೆಯದು. ಬಣ್ಣದ ಪೇಸ್ಟ್ ಹಾಕುವುದಿದ್ದರೆ ಹಾರ್ಡನರಿಗೆ ಮೊದಲೇ ಹಾಕಿ. ದೋಣಿಯ ಹಳೆಯ ಮೈಯನ್ನು ಚೂರು ಪಾಲಿಶ್ ಮಾಡಿ, ಆ ನಿಜ ಬಣ್ಣಕ್ಕೆ ಹೊಂದಿಸಿ. ನೀರಿನ ಕೆಳಗಿನ ಭಾಗಕ್ಕೆ ಹೇಗೂ ಪೇಂಟ್ ಬರುವುದಿದ್ದರೆ ಬಣ್ಣದ ಚಿಂತೆ ಬಿಡಿ. ದೋಣಿಯ ನೆಟ್ಟಗಿನ ಬದಿಯಲ್ಲಿ ಜೆಲ್‌ಕೋಟ್ ಕೆಳಗಿಳಿಯುತ್ತದೆ ಅಂತಾದರೆ ಸ್ವಲ್ಪ ಏರೋಸಿಲ್ (ನುಣುಪಾದ ಸಿಲಿಕಾ) ಪುಡಿ ಸೇರಿಸಿ ಗಟ್ಟಿ ಮಾಡಿಕೊಳ್ಳಿ.

ಖರ್ಚು ಉಳಿಸಲು ಕಾರಿಗೆ ಹಾಕುವ ಪುಟ್ಟಿ ಮೆತ್ತುವವರಿದ್ದಾರೆ. ಅದು ನೀರು ಹೀರುತ್ತದೆ, ದೋಣಿಗೆ ಆಗದು. ಎಪಾಕ್ಸಿ ಪುಟ್ಟಿಯ ಮೇಲೂ ಜೆಲ್‌ಕೋಟ್ ಸರಿಯಾಗಿ ಹಿಡಿಯುವುದಿಲ್ಲ.

ತುಂಬುವುದು, ಉಜ್ಜುವುದು

ಹಾರ್ಡನರ್ ಬಿದ್ದ ಮೇಲೆ ಕೈಯಲ್ಲಿ ಇರುವುದು ಹತ್ತು, ಹದಿನೈದು ನಿಮಿಷ. ಪುಟ್ಟಿ ಬ್ಲೇಡಿನಿಂದ ಒತ್ತಿ ತುಂಬಿ, ಗಾಳಿ ಗುಳ್ಳೆ ಉಳಿಯಬಾರದು. ಆರುವಾಗ ಕುಗ್ಗುವುದರಿಂದ ಮೈಮಟ್ಟಕ್ಕಿಂತ ಕೂದಲಷ್ಟು ಮೇಲೆ ನಿಲ್ಲಲಿ. ಗಾಳಿ ತಾಗಿದರೆ ಮೇಲ್ಮೈ ಅಂಟಂಟಾಗಿಯೇ ಉಳಿಯುತ್ತದೆ, ಹಾಗಾಗಿ ಪಾರದರ್ಶಕ ಪಾಲಿಯೆಸ್ಟರ್ ಹಾಳೆ, ಅಂದರೆ ಹಳೆಯ ಓಎಚ್‌ಪಿ ಶೀಟ್ ಮುಚ್ಚಿ ಅಂಚಿಗೆ ಟೇಪ್ ಹಾಕಿ. ಬಟ್ಟಲಲ್ಲಿ ಉಳಿದದ್ದು ಬಿಸಿಯಾಗುತ್ತದೆ. ಅದನ್ನು ಹೊರಗೆ, ಅಸಿಟೋನ್ ಬಟ್ಟೆಗಳಿಂದ ದೂರ ಇಡಿ.

ಮರುದಿನ ಹಾಳೆ ಎತ್ತಿ. ಉಗುರು ಒತ್ತಿದರೆ ಗುರುತು ಬೀಳಬಾರದು. ಮರದ ತುಂಡಿಗೆ ವಾಟರ್ ಪೇಪರ್ ಸುತ್ತಿ, ನೀರು ಹಾಕುತ್ತಾ 320, 400, 600, 800, 1000 ಹೀಗೆ ನಯಕ್ಕೆ ಹೋಗಿ. ಬೆರಳಲ್ಲೇ ಉಜ್ಜಿದರೆ ತಗ್ಗು ಬೀಳುತ್ತದೆ. ಪಕ್ಕದ ಹಳೆಯ ಜೆಲ್‌ಕೋಟ್ ಅರ್ಧ ಮಿಲಿಮೀಟರ್ ಮಾತ್ರ ಎಂಬುದು ನೆನಪಿರಲಿ, ಜಾಸ್ತಿ ತಿಕ್ಕಿದರೆ ನಾರು ಕಾಣುತ್ತದೆ. ಕೊನೆಗೆ ರಬ್ಬಿಂಗ್ ಕಾಂಪೌಂಡ್, ಅದರ ಮೇಲೆ ಮೇಣದ ಪಾಲಿಶ್.

ನೀರಿನ ಕೆಳಗಿನ ಜಾಗವಾದರೆ ಇನ್ನೂ ಎರಡು ಮೂರು ದಿನ ಬಿಟ್ಟು ದೋಣಿ ಇಳಿಸಿ. ಕೆಲವು ವಾರಗಳ ನಂತರ ಅದೇ ಜಾಗ ನೋಡಿ. ಸರಿಯಾಗಿ ತೆರೆದು ತುಂಬಿದ ಮೇಲೂ ಬಿರುಕು ಮರಳಿದ್ದರೆ ತೊಂದರೆ ಜೆಲ್‌ಕೋಟಿನದ್ದಲ್ಲ, ಒಳಗಿನ ಅಡ್ಡಪಟ್ಟಿ ಬಿಟ್ಟಿರಬಹುದು ಅಥವಾ ಅಲ್ಲಿ ಮೈ ತೆಳುವಾಗಿ ಬಗ್ಗುತ್ತಿರಬಹುದು. ಮತ್ತೆ ಮೆತ್ತದೆ ಫೈಬರ್ ಕೆಲಸದವರನ್ನು ಕರೆಸಿ ಒಳಮೈಯನ್ನು ತೋರಿಸಿ.