ಮಲೆನಾಡಿನ ಮಳೆಯಲ್ಲೇ ಫಿಂಚ್ ಮರಿ ಮಾಡಿಸಿದೆ

ಕಳೆದ ಮಳೆಗಾಲದಲ್ಲಿ, ಜೂನ್‌ನಿಂದ ಸೆಪ್ಟೆಂಬರ್ ಒಳಗೆ, ನಮ್ಮ ಹಿತ್ತಲ ಏವಿಯರಿಯಲ್ಲಿ, ಅಂದರೆ ಹಕ್ಕಿ ಹಾರಾಡುವಷ್ಟು ದೊಡ್ಡ ಬಲೆಮನೆಯಲ್ಲಿ, ಹತ್ತಿರ ಹತ್ತಿರ 40 ಫಿಂಚ್ ಮರಿ ಗೂಡಿನಿಂದ ಹೊರಗೆ ಬಂದವು. 33 ಉಳಿದು ದೊಡ್ಡವಾದವು. ಫಿಂಚ್ ಅಂದರೆ ಕಾಳು ತಿನ್ನುವ ಪುಟ್ಟ ಸಾಕುಹಕ್ಕಿ; ನಮ್ಮಲ್ಲಿ ಜೀಬ್ರಾ ಅನ್ನುವ ಬಗೆ ಜಾಸ್ತಿ, ಬೆಂಗಾಲೀಸ್ ಅನ್ನುವುದು ಸ್ವಲ್ಪ. ತೀರ್ಥಹಳ್ಳಿ ಕಡೆಯ ಪುನರ್ವಸು, ಪುಷ್ಯ ಮಳೆ ನೋಡಿದವರಿಗೆ ಇದು ಎಂಥ ಲೆಕ್ಕ ಅಂತ ಗೊತ್ತಾಗುತ್ತದೆ. ಮಳೆಗಾಲ ಬಂತೆಂದರೆ ಗೂಡು ಬಿಚ್ಚಿಡಿ, ಹಕ್ಕಿಗಳನ್ನು ಮನೆಯೊಳಗೆ ಪಂಜರಕ್ಕೆ ಹಾಕಿ ಅಂತಲೇ ಎಲ್ಲರೂ ಹೇಳುತ್ತಿದ್ದರು. ನನಗೆ ಹಾರಾಡುವ ಹಕ್ಕಿ ಬೇಕಿತ್ತು. ನಾಲ್ಕು ವರ್ಷ ಹಿಡಿಯಿತು. ಸುಮಾರು 60 ಸಾವಿರ ಹೋಯಿತು, ಅದರಲ್ಲಿ ಅರ್ಧ ದಂಡ. ಆದರೂ ಮಾಡಿ ತೋರಿಸಿದೆ.

ಮೊದಲ ವರ್ಷ ಚಳಿಗೆ ಹೆದರಿದ್ದೇ ದೊಡ್ಡ ತಪ್ಪು. ನಾಲ್ಕೂ ಕಡೆ ಟಾರ್ಪಾಲು ಕಟ್ಟಿದೆ, ನೆಲಕ್ಕೆ ಸಿಮೆಂಟು ಹಾಕಿಸಿದೆ. ಆರಿದ್ರಾ ಮಳೆ ಶುರುವಾಗಿ ಒಂದು ವಾರಕ್ಕೆ ಟಾರ್ಪಾಲಿನ ಒಳಮೈ ಬೆವರತೊಡಗಿತು. ಕೈ ಇಟ್ಟರೆ ನೀರು ಇಳಿಯುತ್ತಿತ್ತು. ಸಿಮೆಂಟು ಒಣಗಲೇ ಇಲ್ಲ. ಅದೇ ಹೊತ್ತಿಗೆ ಕೋಣೆಯಲ್ಲಿಟ್ಟಿದ್ದ ನವಣೆ ಚೀಲದ ತಳ ಗಟ್ಟಿ ಕಟ್ಟಿತ್ತು, ಮುರಿದರೆ ಬೂಸ್ಟಿನ ಹಸಿರು ಧೂಳು. ಮೇಲಿನದು ಚೆನ್ನಾಗಿಯೇ ಇದೆಯಲ್ಲ ಅಂತ ಹಾಕಿದೆ. ಒಂಬತ್ತು ದಿನದಲ್ಲಿ 11 ಹಕ್ಕಿ ಸತ್ತವು. ಬಾಯಿ ತೆರೆದು, ಉಸಿರಿಗೊಮ್ಮೆ ಬಾಲ ಮೇಲೆ ಕೆಳಗೆ ಆಡಿಸುತ್ತಾ ಕೂತಿರುತ್ತಿದ್ದವು. ಬೆಳಿಗ್ಗೆ ನೋಡಿದರೆ ನೆಲದ ಮೇಲೆ. ಆ ಮಳೆಗಾಲ ನನಗೆ ಊಟ ಸೇರುತ್ತಿರಲಿಲ್ಲ.

ಚಳಿ ಅಲ್ಲ, ಕೊಲ್ಲುವುದು ತೇವ. ಇದು ತಲೆಗೆ ಹೋದ ಮೇಲೆ ಎಲ್ಲ ಕಿತ್ತು ಬೇರೆ ಕಟ್ಟಿದೆ. 12 ಅಡಿ ಉದ್ದ, 6 ಅಡಿ ಅಗಲ. ನಮ್ಮಲ್ಲಿ ಮಳೆ ಹೊಡೆಯುವುದು ಪಡುವಣದಿಂದ ಅಲ್ವಾ, ಆದ್ದರಿಂದ ಪಶ್ಚಿಮ ಮತ್ತು ದಕ್ಷಿಣಕ್ಕೆ ಮಾತ್ರ ಅಡಿಕೆ ದಬ್ಬೆ, ಅದರ ಹೊರಗೆ ಶೀಟು. ಪೂರ್ವ ಪೂರ್ತಿ ತೆರೆದದ್ದು, ಮೇಲೆ ನಾಲ್ಕು ಅಡಿ ಚಾಚಿದ ಮಾಡು. ಮಾಡಿನ ಕೆಳಗೆ ಗಾಳಿ ಹೋಗಲು ಒಂದು ಗೇಣು ಸಂದು. ಸಿಮೆಂಟು ಒಡೆಸಿ ಅರ್ಧ ಅಡಿ ಜಲ್ಲಿ, ಮೇಲೆ ಎಂ-ಸ್ಯಾಂಡ್. ನಡುವೆ ಒಂದು ಸಲ ಭತ್ತದ ಉಮಿ ಹಾಸಿ ನೋಡಿದೆ, ಹತ್ತೇ ದಿನಕ್ಕೆ ಬೂಸ್ಟು ಬಂತು. ಬೇಡವೇ ಬೇಡ.

ಕಾಳಿನ ವಿಷಯದಲ್ಲಿ ಈಗ ನಾನು ಯಾರ ಮಾತೂ ಕೇಳುವುದಿಲ್ಲ. ವರ್ಷದ ನವಣೆ, ಸಾಮೆ ಎಲ್ಲ ಏಪ್ರಿಲ್ ಕೊನೆಗೇ ತರುತ್ತೇನೆ. ಅಂಗಳದಲ್ಲಿ ಚಾಪೆ ಹಾಸಿ ಮೂರು ಬಿಸಿಲು ಒಣಗಿಸುತ್ತೇನೆ. ಹಲ್ಲಿಗಿಟ್ಟರೆ ಕಟ್ ಅನ್ನಬೇಕು, ಅಲ್ಲಿಯವರೆಗೆ ಬಿಡುವುದಿಲ್ಲ. ಆಮೇಲೆ ಮುಚ್ಚಳ ಬಿಗಿಯುವ 20 ಲೀಟರ್ ಕ್ಯಾನ್‌ಗಳಿಗೆ. ಒಂದು ಸಲಕ್ಕೆ ಒಂದು ವಾರದ ಕಾಳು ಮಾತ್ರ ಹೊರಗೆ. ಕ್ಯಾನ್ ಒಳಗೆ ಕಾಳಿನ ಜೊತೆ ಒಂದು ಪೊಟ್ಟಣ ಇಡುತ್ತೇನೆ. ಅದು ಏನು ಅಂತ ಮನೆಗೆ ಬಂದವರಿಗೆ ಮಾತ್ರ ತೋರಿಸುವುದು.

ಎರಡನೇ ವರ್ಷದ ನಷ್ಟ ಬಲೆಯಿಂದ ಆಯಿತು. ದುಡ್ಡು ಉಳಿಸಲು ಅರ್ಧ ಇಂಚಿನ ಬಲೆ ಹಾಕಿದ್ದೆ. ಇಲಿಮರಿ ನುಗ್ಗಿತು, ಇಲಿಯ ಹಿಂದೆ ಹಾವು ಬಂತು. ಒಂದು ಬೆಳಿಗ್ಗೆ ಹೋದರೆ ತೋರುಬೆರಳು ದಪ್ಪದ ಕೇರೆ ಮರಿ ಬಲೆಯಲ್ಲಿ ಅರ್ಧ ಒಳಗೆ, ಅರ್ಧ ಹೊರಗೆ. ಬರುವಾಗ ಸಲೀಸಾಗಿ ಬಂದಿದೆ, ಗೂಡಿನ ಮರಿ ನುಂಗಿದ ಮೇಲೆ ಹೊಟ್ಟೆಯ ಗಂಟು ಹೊರಗೆ ಹೋಗಲಿಲ್ಲ. ಕಟಿಂಗ್ ಪ್ಲೇಯರ್‌ನಲ್ಲಿ ಬಲೆಯ ಎರಡು ಕಣ್ಣು ಕತ್ತರಿಸಿ ಹಾವನ್ನು ತೋಟಕ್ಕೆ ಬಿಟ್ಟೆ. ಕಾಲಿಂಚಿನ ಬಲೆಗೆ ಮತ್ತೆ 9 ಸಾವಿರ ಚಿಲ್ಲರೆ.

ಮಳೆಗಾಲದ ಇನ್ನೊಂದು ಕಷ್ಟ ಕತ್ತಲೆ. ಮೋಡ ಕವಿದರೆ ಐದೂವರೆಗೇ ಹಕ್ಕಿಗಳು ತಿನ್ನುವುದು ನಿಲ್ಲಿಸುತ್ತವೆ, ಮರಿಗಳ ಗಂಟಲ ಚೀಲ ಬೆಳಗಿನ ಜಾವಕ್ಕೇ ಖಾಲಿ. 9 ವ್ಯಾಟ್ ಎಲ್ಇಡಿ ಹಾಕಿ ಏಳೂವರೆವರೆಗೆ ಹಗಲು ಮಾಡಿದೆ. ಕರೆಂಟು ಹೋದಾಗ ಗೂಡಿನ ಹೊರಗಿದ್ದ ತಾಯಿ ಕತ್ತಲಲ್ಲಿ ವಾಪಸ್ ಹೋಗಲಾರದೆ ಕೂತುಬಿಡುತ್ತಿತ್ತು, ಮರಿಗಳು ತಣ್ಣಗಾಗಿ ಸತ್ತವು. ಈಗ ಇನ್ವರ್ಟರ್ ಮೇಲೆ ಒಂದು ಮಿಣುಕು ಬಲ್ಬು ರಾತ್ರಿಯಿಡೀ ಉರಿಯುತ್ತದೆ.

ಗೂಡಿಗೆ ಅಂಗಡಿಯ ಮಣ್ಣಿನ ಮಡಕೆ ನಮ್ಮ ಮಳೆಗೆ ಆಗುವುದಿಲ್ಲ, ತೇವ ಹಿಡಿಯುತ್ತದೆ. ಮರದ ಪೆಟ್ಟಿಗೆಯ ಸಂದಿಯಲ್ಲಿ ಹೇನು. ಸುಮ್ನೆ ನೋಡೋಣ ಅಂತ ಹಿತ್ತಲಲ್ಲಿ ಬೆಳೆದ ಸೋರೆ ಬುರುಡೆ ಒಣಗಿಸಿ, ತೂತು ಕೊರೆದು ನೇತುಹಾಕಿದೆ. ಜೀಬ್ರಾಗಳು ಮೊದಲು ಹಿಡಿದದ್ದೇ ಅದನ್ನು! ಎರಡು ಸಲ ಮರಿ ತೆಗೆದ ಮೇಲೆ ಬುರುಡೆಯನ್ನೇ ಒಲೆಗೆ ಹಾಕಿದರಾಯಿತು, ಹೇನಿನ ಕಥೆ ಮುಗಿಯಿತು. ಅಡಿಕೆ ಹಾಳೆಯದ್ದೂ ಹೊಲಿದು ನೋಡಿದೆ, ಒದ್ದೆಯಾದರೆ ಮೆತ್ತಗಾಗುತ್ತದೆ. ಎಲ್ಲ ಗೂಡೂ ಒಂದೇ ಎತ್ತರದಲ್ಲಿ ಇರಲಿ, ಇಲ್ಲದಿದ್ದರೆ ಮೇಲಿನದಕ್ಕೆ ಹೊಡೆದಾಟ. ಮೊಟ್ಟೆ ಶುರುವಾದ ದಿನವೇ, ಗೂಡು ಕಟ್ಟಲು ಹಾಕಿ ಹೊರಗೆ ಉಳಿದ ಹುಲ್ಲು, ನಾರು ತೆಗೆದುಬಿಡಿ. ನಾನು ಬಿಟ್ಟಿದ್ದೆ. ಒಂದು ಜೀಬ್ರಾ ಜೋಡಿ ಐದು ಮೊಟ್ಟೆಯ ಮೇಲೆ ಹುಲ್ಲು ಹಾಸಿ, ಅದರ ಮೇಲೆ ನಾಲ್ಕು ಇಟ್ಟು, ಮತ್ತೆ ಹುಲ್ಲು ಹಾಸಿತ್ತು. ಬಿಚ್ಚಿದಾಗ ಎರಡು ಪದರ ಮೊಟ್ಟೆ. ಒಂದರಿಂದಲೂ ಮರಿ ಬರಲಿಲ್ಲ.

ಭತ್ತ ತೆನೆ ಬಿಡುವ ಹೊತ್ತಿಗೆ ಬಿಳಿಬೆನ್ನಿನ ರಾಟವಾಳಗಳು ಬಲೆಯ ಹೊರಗೆ ಬಿದ್ದ ಕಾಳಿಗೆ ಬರುತ್ತವೆ. ನಮ್ಮ ಬೆಂಗಾಲೀಸ್ ಅದೇ ಜಾತಿಯಿಂದ ಬಂದದ್ದು. ಒಳಗಿನವು, ಹೊರಗಿನವು ಬಲೆಗೆ ಆತುಕೊಂಡು ಒಂದನ್ನೊಂದು ನೋಡುವುದು ನನಗೆ ತುಂಬಾ ಇಷ್ಟ. ಆದರೆ ಕಾಡಿನ ರಾಟವಾಳ ಹಿಡಿಯುವುದು, ಸಾಕುವುದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ತಪ್ಪು. ಯಾರಾದರೂ ಮಾರಲು ತಂದರೆ ಕೊಳ್ಳಬೇಡಿ.

ಹೋದ ವರ್ಷ ಬಣ್ಣಬಣ್ಣದ ಗೌಲ್ಡಿಯನ್ ಫಿಂಚ್‌ಗೂ ಕೈ ಹಾಕಿದೆ. ಮೊದಲ ಜೋಡಿ, ನಾಲ್ಕೂವರೆ ಸಾವಿರದ್ದು, ಐದು ವಾರಕ್ಕೆ ಹೋಯಿತು. ಎರಡನೇ ಜೋಡಿ ಮೊಟ್ಟೆ ಇಟ್ಟು ಕಾವಿಗೆ ಕೂರಲಿಲ್ಲ. ಐದೂ ಮೊಟ್ಟೆ ಬೆಂಗಾಲೀಸ್ ಬುರುಡೆಗೆ ದಾಟಿಸಿದೆ. ಅದೇ ದಿನ ಕಾವಿಗೆ ಕೂತಿದ್ದ ಜೋಡಿಗೇ ಕೊಡಬೇಕು, ಮತ್ತೆ ಸಂಜೆಯೇ ಇಡಬೇಕು. ಹದಿನೈದನೇ ದಿನ ಟಾರ್ಚು ಬಿಟ್ಟು ನೋಡಿದೆ. ಮೂರು ಬೆತ್ತಲೆ ಮರಿ, ಬಾಯಿಯ ಎರಡೂ ಮೂಲೆಯಲ್ಲಿ ನೀಲಿ ಮಣಿಗಳು ಬೆಳಕಿಗೆ ಫಳಫಳ ಹೊಳೆದವು. ಹೊರಗೆ ಮಘೆ ಮಳೆ ಜಡಿಯುತ್ತಿತ್ತು. ಒಂದು ಸತ್ತಿತು, ಎರಡು ಈಗ ಬಣ್ಣ ಬಿಡುತ್ತಿವೆ. ಒಂದರ ಎದೆಯಲ್ಲಿ ಹೋದ ವಾರ ನೇರಳೆ ಗರಿ ಕಾಣಿಸಿತು.