ಮದುವೆಗೆ ಮುಂಚೆ ಯಜಮಾನ್ರನ್ನ ಏನಂತ ಕರೀತಿದ್ರಿ? – ನರ್ಸ್‌ಗಳಿಗೆ ಜೆನೆಟಿಕ್ಸ್ ಕಲಿಸಿದ ನನ್ನ ಅನುಭವ

ನಾನು ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ನರ್ಸಿಂಗ್ ಟ್ಯೂಟರ್. ಅದಕ್ಕೆ ಮುಂಚೆ ಹನ್ನೊಂದು ವರ್ಷ ಹೆರಿಗೆ ವಾರ್ಡ್, ಮಕ್ಕಳ ವಾರ್ಡ್ ಅಂತ ಡ್ಯೂಟಿ ಮಾಡಿದವಳು. ಈಗ ಆರು ವರ್ಷದಿಂದ ತಿಂಗಳಿಗೆ ಎರಡು ಶನಿವಾರ ಮಧ್ಯಾಹ್ನ ಸ್ಟಾಫ್ ನರ್ಸ್‌ಗಳು, ಎಎನ್‌ಎಂಗಳು (ಸಹಾಯಕ ನರ್ಸ್‌ಗಳು), ಲ್ಯಾಬ್ ಟೆಕ್ನೀಷಿಯನ್‌ಗಳನ್ನು ಕೂರಿಸಿಕೊಂಡು ಜೆನೆಟಿಕ್ಸ್, ಅಂದರೆ ಅಪ್ಪ-ಅಮ್ಮನಿಂದ ಮಕ್ಕಳಿಗೆ ಬರುವ ಗುಣ, ಕಾಯಿಲೆಗಳ ಪಾಠ ಮಾಡುತ್ತಿದ್ದೇನೆ. ಇದನ್ನು ಹೇಗೆ ಕಲಿಸ್ತೀರಿ ಅಂತ ಬೇರೆ ಕಾಲೇಜಿನ ಟ್ಯೂಟರ್‌ಗಳು ಕೇಳುತ್ತಲೇ ಇರುತ್ತಾರೆ. ಅದಕ್ಕೇ ಬರೆದುಬಿಡೋಣ ಅನ್ನಿಸಿತು.

ಮೊದಲ ಕ್ಲಾಸ್ ಚೆನ್ನಾಗಿ ಆಗಲಿಲ್ಲ. ಬಿಎಸ್‌ಸಿ ನರ್ಸಿಂಗ್‌ನಲ್ಲಿ ಪೆಥಾಲಜಿ ಜೊತೆ ಜೆನೆಟಿಕ್ಸ್ ಇದ್ದೇ ಇದೆಯಲ್ಲ, ಅದೇ ಕ್ರಮದಲ್ಲಿ ಹೋಗೋಣ ಅಂದುಕೊಂಡೆ. ಡಿಎನ್‌ಎ ಏಣಿ, 46 ಕ್ರೋಮೋಸೋಮ್, ಸುಮಾರು 20,000 ಜೀನ್ (ವಂಶವಾಹಿ), ಡಿಎನ್‌ಎಯ 300 ಕೋಟಿ ಅಕ್ಷರ, 1990ರಲ್ಲಿ ಶುರುವಾಗಿ 2003ರಲ್ಲಿ ಮುಗಿದ ಹ್ಯೂಮನ್ ಜೀನೋಮ್ ಪ್ರಾಜೆಕ್ಟ್. ಎಲ್ಲಾ ಸ್ಲೈಡ್‌ನಲ್ಲಿತ್ತು. ಅರ್ಧ ಜನ ನೈಟ್ ಡ್ಯೂಟಿ ಮುಗಿಸಿ ಬಂದವರು, ಕಣ್ಣು ಎಳೆಯುತ್ತಿದ್ದವು. ಕೊನೆಯಲ್ಲಿ ಹೆರಿಗೆ ವಾರ್ಡಿನ ಹಿರಿಯ ಸಿಸ್ಟರ್ ಒಬ್ಬರು ಎದ್ದು ನಿಂತರು. "ಮೇಡಂ, ಪಾಠ ಚೆನ್ನಾಗಿತ್ತು. ಆದ್ರೆ ಸೋಮವಾರ ಬೆಳಿಗ್ಗೆ ನಾನು ಬಸುರಿಯರ ಓಪಿಡೀಲಿ ಕೂತಾಗ ಇದರಲ್ಲಿ ಯಾವುದು ಕೆಲಸಕ್ಕೆ ಬರುತ್ತೆ?" ಅವರು ಚುಚ್ಚಿ ಕೇಳಲಿಲ್ಲ, ನಿಜವಾಗಿ ಗೊತ್ತಾಗಬೇಕಿತ್ತು. ಅವತ್ತು ನನ್ನ ಹತ್ತಿರ ಉತ್ತರ ಇರಲಿಲ್ಲ.

ಉತ್ತರ ಸಿಕ್ಕಿದ್ದು ಒಂದೆರಡು ತಿಂಗಳಾದ ಮೇಲೆ, ಓಪಿಡಿಯಲ್ಲೇ. ರಾಮನಗರ ಕಡೆಯ ಹೆಣ್ಣುಮಗಳು, ಎರಡನೇ ಬಸಿರು. ಮೊದಲ ಮಗುವಿಗೆ ಥಲಸೀಮಿಯಾ ಅನ್ನೋ ಹುಟ್ಟಿನಿಂದ ಬರುವ ರಕ್ತದ ಕಾಯಿಲೆ, ಮೂರು ವಾರಕ್ಕೊಮ್ಮೆ ರಕ್ತ ಹಾಕಿಸಬೇಕು. ಕೇಸ್‌ಶೀಟ್ ನೋಡಿದರೆ 'ರಕ್ತಸಂಬಂಧದಲ್ಲಿ ಮದುವೆ' ಅನ್ನೋ ಕಡೆ 'ಇಲ್ಲ' ಅಂತ ಬರೆದಿತ್ತು. ಯಾಕೋ ಅನುಮಾನ ಬಂದು ಕೇಳಿದೆ: "ಮದುವೆಗೆ ಮುಂಚೆ ನಿಮ್ ಯಜಮಾನ್ರನ್ನ ಏನಂತ ಕರೀತಿದ್ರಮ್ಮಾ?" ಆಕೆ ನಾಚಿಕೊಂಡು "ಮಾವ ಅಂತಿದ್ದೆ. ನಮ್ಮಮ್ಮನ ತಮ್ಮ ಅಲ್ವಾ" ಅಂದಳು. ಮತ್ತೆ ಇಲ್ಲಿ ಸಂಬಂಧ ಇಲ್ಲ ಅಂತ ಯಾಕೆ ಹೇಳಿದ್ದು ಅಂದರೆ, "ಸಂಬಂಧ ಏನೂ ಹುಡುಕಿಲ್ಲ ಮೇಡಂ, ಮನೇಲೇ ಕೊಟ್ಟಿದ್ದು."

ಆಕೆ ಸುಳ್ಳು ಹೇಳಿರಲಿಲ್ಲ. ನಮ್ಮ ಪ್ರಶ್ನೆಯೇ ತಪ್ಪಾಗಿತ್ತು. 'ಸಂಬಂಧ' ಅಂದರೆ ಊರ ಕಡೆ ಹೊರಗಿಂದ ನೋಡಿ ತರುವ ಗಂಡು ಅಥವಾ ಹೆಣ್ಣು. ಅವತ್ತಿನಿಂದ ನನ್ನ ಪಾಠ ಡಿಎನ್‌ಎಯಿಂದ ಶುರುವಾಗುವುದಿಲ್ಲ. ಈ ಪ್ರಶ್ನೆಯಿಂದ ಶುರುವಾಗುತ್ತದೆ. ಬೋರ್ಡ್ ಮೇಲೆ ಮೊದಲು ಇದನ್ನೇ ಬರೆಯುತ್ತೇನೆ, ಕೇರಳದಿಂದ, ಮಣಿಪುರದಿಂದ ಬಂದ ಹುಡುಗಿಯರಿಗೂ ಇದನ್ನು ಕನ್ನಡದಲ್ಲೇ ಬಾಯಿಪಾಠ ಮಾಡಿಸುತ್ತೇನೆ.

ಆಮೇಲೆ ಕುಟುಂಬದ ನಕ್ಷೆ. ಗಂಡಸಿಗೆ ಚೌಕ, ಹೆಂಗಸಿಗೆ ವೃತ್ತ, ಕಾಯಿಲೆ ಇದ್ದವರಿಗೆ ಒಳಗೆ ಕಪ್ಪು, ಸಂಬಂಧದೊಳಗೆ ಮದುವೆಯಾಗಿದ್ದರೆ ನಡುವೆ ಜೋಡಿ ಗೆರೆ. ಚಿಹ್ನೆ ಕಲಿಯೋಕೆ ಹತ್ತು ನಿಮಿಷ ಸಾಕು. ಕಷ್ಟ ಇರೋದು ನಮ್ಮ ಮಾತಿನಲ್ಲಿ. ಮಾವ ಅಂದರೆ ತಾಯಿಯ ಅಣ್ಣತಮ್ಮನೂ ಹೌದು, ಗಂಡನ ಅಪ್ಪನೂ ಹೌದು, ಅತ್ತೆಯ ಗಂಡನೂ ಹೌದು. ಕೆಲವು ಮನೆಯಲ್ಲಿ ಮೂವರೂ ಒಬ್ಬನೇ! ಅತ್ತೆಯದೂ ಹಾಗೇ. ಅಣ್ಣ ಅಂದರೆ ಒಡಹುಟ್ಟಿದವನೋ, ದೊಡ್ಡಪ್ಪನ ಮಗನೋ? ಇಂಗ್ಲಿಷ್ ಫಾರಂನಲ್ಲಿ 'ಬ್ರದರ್' ಅಂತ ಬರೆದುಬಿಟ್ಟರೆ ಲೆಕ್ಕವೇ ಬದಲಾಗುತ್ತದೆ, ಯಾಕೆಂದರೆ ಒಡಹುಟ್ಟಿದವರು ಸರಾಸರಿ ಅರ್ಧದಷ್ಟು ಜೀನ್ ಹಂಚಿಕೊಂಡಿರುತ್ತಾರೆ, ದೊಡ್ಡಪ್ಪನ ಮಕ್ಕಳು ಎಂಟನೇ ಒಂದು ಭಾಗ. ಸೋದರಮಾವ ಮತ್ತು ಅಕ್ಕನ ಮಗಳು ನಾಲ್ಕನೇ ಒಂದು ಭಾಗ. ಹಾಗಾಗಿ 'ನಿಮ್ಮ ಅಣ್ಣನಾ?' ಅಂತ ಕೇಳಬೇಡಿ, 'ನಿಮ್ಮಮ್ಮನ ಹೊಟ್ಟೇಲಿ ಹುಟ್ಟಿದವರಾ?' ಅಂತ ಕೇಳಿ ಅನ್ನುತ್ತೇನೆ.

ಮೊದಮೊದಲು ಎಲ್ಲರಿಗೂ ಅವರವರ ಮನೆಯ ನಕ್ಷೆಯನ್ನೇ ಬರೆಸುತ್ತಿದ್ದೆ. ಒಂದು ಬ್ಯಾಚ್‌ನಲ್ಲಿ ಹುಡುಗಿಯೊಬ್ಬಳು ಎರಡು ಚೌಕ ಬರೆದಳು, ಒಂದಕ್ಕೆ ಕಪ್ಪು ತುಂಬಿದಳು, ಪೆನ್ಸಿಲ್ ಪಕ್ಕಕ್ಕಿಟ್ಟು ಸುಮ್ಮನೆ ಕೂತಳು. ಆಮೇಲೆ ಕಾರಿಡಾರಿನಲ್ಲಿ ಹೇಳಿದಳು, ತಮ್ಮಂದಿರಿಬ್ಬರೂ ನಡೆಯಲಾಗದೆ ಹಾಸಿಗೆ ಹಿಡಿದವರು, ಒಬ್ಬ ತೀರಿಕೊಂಡಿದ್ದ, ಅವಳ ಮದುವೆ ಮಾತುಕತೆ ಆಗ ನಡೆಯುತ್ತಿತ್ತು. ಅದು ನನ್ನ ತಪ್ಪು. ಅವತ್ತಿನಿಂದ ಕ್ಲಾಸಿನಲ್ಲಿ ನಾನೇ ಕಲ್ಪಿಸಿಕೊಂಡ ಕುಟುಂಬವನ್ನೇ ಕೊಡುತ್ತೇನೆ. ಸ್ವಂತ ಮನೆಯದು ಬೇಕಾದರೆ ಮನೆಯಲ್ಲಿ ಬರೆದುಕೊಳ್ಳಲಿ, ನನಗೆ ತೋರಿಸಬೇಕಾಗಿಲ್ಲ. ಆ ಹುಡುಗಿಯನ್ನು ಜೆನೆಟಿಕ್ ಕೌನ್ಸೆಲಿಂಗ್‌ಗೆ ಕರೆದುಕೊಂಡು ಹೋದೆ. ನರ್ಸ್ ಕೂಡ ಒಂದು ಮನೆಯ ಮಗಳೇ ಅಲ್ವಾ.

ಪ್ರತಿ ಬ್ಯಾಚ್‌ನಲ್ಲೂ ತಪ್ಪದೆ ಬರುವ ಪ್ರಶ್ನೆ: "ಗೋತ್ರ ಬೇರೆ ಇದ್ರೆ ತೊಂದ್ರೆ ಇಲ್ಲ ಅಲ್ವಾ ಮೇಡಂ?" ಇದಕ್ಕೆ ನಕ್ಷೆಯಲ್ಲೇ ಉತ್ತರ ಇದೆ. ಗೋತ್ರ ಅಪ್ಪನ ಕಡೆಯಿಂದ ಬರುವುದು. ಅಮ್ಮ ಮದುವೆಯಾಗಿ ಗಂಡನ ಗೋತ್ರಕ್ಕೆ ಬಂದಳು, ಅವಳ ತಮ್ಮ ಹುಟ್ಟಿದ ಗೋತ್ರದಲ್ಲೇ ಉಳಿದ. ಅಂದರೆ ಸೋದರಮಾವನ ಗೋತ್ರ ಬೇರೆಯೇ ಇರುತ್ತದೆ, ಆದರೂ ಅಮ್ಮನೂ ಅವನೂ ಒಂದೇ ಅಪ್ಪ-ಅಮ್ಮನ ಮಕ್ಕಳು, ಹಾಗಾಗಿ ಒಂದೇ ಬದಲಾದ ಜೀನ್ ಇಬ್ಬರಲ್ಲೂ ಇರಬಹುದು. ಇದನ್ನು ಬಣ್ಣದ ಚಾಕ್‌ನಲ್ಲಿ ಬರೆದು ತೋರಿಸಿದಾಗ ಕ್ಲಾಸ್ ಒಂದು ಕ್ಷಣ ಮೌನವಾಗುತ್ತದೆ, ಯಾಕೆಂದರೆ ಹಾಸನ, ಮಂಡ್ಯ, ಕಲಬುರಗಿ ಕಡೆಯ ಎಷ್ಟೋ ಮಂದಿಯ ಮನೆಯಲ್ಲೇ ಇಂಥ ಮದುವೆ ಇರುತ್ತದೆ. ಅಲ್ಲಿ ಬೈಯುವ ಧಾಟಿ ಬರಲೇಬಾರದು. ಯಾವ ದಂಪತಿಯನ್ನೇ ತೆಗೆದುಕೊಂಡರೂ ಹುಟ್ಟುವ 100 ಮಕ್ಕಳಲ್ಲಿ ಎರಡು ಮೂರು ಮಕ್ಕಳಿಗೆ ಹುಟ್ಟಿನಿಂದ ಏನಾದರೂ ದೊಡ್ಡ ತೊಂದರೆ ಇರುತ್ತದೆ. ಅತ್ತೆಮಗ-ಮಾವನಮಗಳ ಮದುವೆಯಲ್ಲಿ ಅದು ಹೆಚ್ಚುಕಡಿಮೆ ದುಪ್ಪಟ್ಟು, ಸೋದರಮಾವನ ಮದುವೆಯಲ್ಲಿ ಇನ್ನೂ ಜಾಸ್ತಿ. ಹಾಗಿದ್ದೂ ಹೆಚ್ಚಿನ ಮಕ್ಕಳು ಆರೋಗ್ಯವಾಗಿಯೇ ಹುಟ್ಟುತ್ತಾರೆ. ಎರಡು ಮಾತನ್ನೂ ಒಟ್ಟಿಗೆ ಹೇಳಬೇಕು. ಇನ್ನು ಗಂಡ ಹೆಂಡತಿ ಬ್ಲಡ್ ಗ್ರೂಪ್ ಒಂದೇ ಆದರೆ ಮಗುವಿಗೆ ಕಾಯಿಲೆ ಅನ್ನೋದು, ಅದು ತಪ್ಪು ನಂಬಿಕೆ, ಅಷ್ಟೇ.

25 ಪರ್ಸೆಂಟ್ ಅನ್ನೋದನ್ನು ಅರ್ಥ ಮಾಡಿಸಲು ನಾನು ತುಂಬಾ ಒದ್ದಾಡಿದೆ. ಗಂಡ ಹೆಂಡತಿ ಇಬ್ಬರೂ ಥಲಸೀಮಿಯಾ ಕ್ಯಾರಿಯರ್ (ಒಂದು ಜೀನ್ ಬದಲಾಗಿದ್ದರೂ ತಾವು ಆರೋಗ್ಯವಾಗಿರುವವರು) ಆಗಿದ್ದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ನಾಲ್ಕಕ್ಕೆ ಒಂದು ಅಂತ ನರ್ಸ್‌ಗಳು ಸರಿಯಾಗಿಯೇ ಹೇಳುತ್ತಾರೆ, ಮನೆಯವರು ಕೇಳಿಸಿಕೊಳ್ಳುವುದು ಮಾತ್ರ 'ಒಂದು ಮಗುವಿಗೆ ಬಂದಾಯ್ತಲ್ಲ, ಇನ್ನು ಮೂರಕ್ಕೆ ಭಯ ಇಲ್ಲ' ಅಂತ. ಕೊನೆಗೆ ನನಗೆ ಚೌಕಾಬಾರ ನೆನಪಾಯಿತು. ಕವಡೆ ಇಲ್ಲದಿದ್ದಾಗ ನಮ್ಮಜ್ಜಿ ಹುಣಸೆಬೀಜವನ್ನು ಕಲ್ಲಿನ ಮೇಲೆ ತೇದು ಒಂದು ಮಗ್ಗುಲು ಬೆಳ್ಳಗೆ ಮಾಡಿಕೊಡುತ್ತಿದ್ದರು. ಅದೇ ಬೀಜ ಈಗ ಕ್ಲಾಸಿಗೆ ಬರುತ್ತದೆ. ಇಬ್ಬಿಬ್ಬರಿಗೆ ಎರಡು ಬೀಜ. ಒಂದು ಅಮ್ಮ, ಒಂದು ಅಪ್ಪ. ಕಪ್ಪು ಮಗ್ಗುಲು ಸರಿಯಿರುವ ಜೀನ್, ಬಿಳಿ ಮಗ್ಗುಲು ಬದಲಾದ ಜೀನ್. ಒಂದು ಸಲ ಹಾಕಿದರೆ ಒಂದು ಬಸಿರು. ಎರಡೂ ಬಿಳಿ ಬಿದ್ದರೆ ಮಗುವಿಗೆ ಥಲಸೀಮಿಯಾ, ಒಂದು ಬಿಳಿಯಾದರೆ ಕ್ಯಾರಿಯರ್, ಎರಡೂ ಕಪ್ಪಾದರೆ ಕಾಯಿಲೆಯೂ ಇಲ್ಲ, ಕ್ಯಾರಿಯರೂ ಅಲ್ಲ. ತೇದ ಬೀಜ ನಾಣ್ಯದಷ್ಟು ಸರಿಸಮ ಬೀಳುವುದಿಲ್ಲ, ಅದನ್ನು ಹೇಳಿಯೇ ಆಡಿಸುತ್ತೇನೆ.

ಪ್ರತಿ ಜೋಡಿ ನಾಲ್ಕು ಸಲ ಹಾಕಿ ಬರೆದುಕೊಳ್ಳುತ್ತದೆ. ಒಂದು ಸಲ ಕಿಟಕಿ ಪಕ್ಕ ಕೂತಿದ್ದ ಇಬ್ಬರಿಗೆ ಮೊದಲ ಮೂರೂ ಸಲ ಎರಡೂ ಬಿಳಿ ಬಿತ್ತು. ನಾಲ್ಕನೇ ಸಲ ಹಾಕುವ ಮುಂಚೆ ಅವರಲ್ಲೊಬ್ಬಳು ಬೀಜ ಅಂಗೈಯಲ್ಲಿ ಮುಚ್ಚಿಕೊಂಡು "ಇದು ಬೇಡ ಮೇಡಂ, ಇಷ್ಟಕ್ಕೇ ಸಾಕು" ಅಂದಳು. ಪಕ್ಕದ ಮೇಜಿನವರಿಗೆ ನಾಲ್ಕರಲ್ಲೂ ಒಂದೂ ಬಿದ್ದಿರಲಿಲ್ಲ. ಹಿಂದಿನ ಸಲ ಏನು ಬಿತ್ತು ಅಂತ ಬೀಜಕ್ಕೆ ಗೊತ್ತಿರುವುದಿಲ್ಲ ಅನ್ನೋದು ಅವತ್ತು ನಾನು ಬಾಯಿ ಬಿಟ್ಟು ಹೇಳಬೇಕಾಗಿ ಬರಲಿಲ್ಲ. ಈಗ ನಮ್ಮ ಓಪಿಡಿ ಡ್ರಾಯರಿನಲ್ಲಿ ಒಂದು ಮಾತ್ರೆ ಡಬ್ಬಿಯಲ್ಲಿ ಎರಡು ಬೀಜ ಯಾವಾಗಲೂ ಇರುತ್ತವೆ.

ಅದರ ಬೆನ್ನಿಗೇ ಕೆಲಸದ ಮಾತು ಬರುತ್ತದೆ. ಬಸುರಿಗೆ ತಿಂಗಳುಗಟ್ಟಲೆ ಕಬ್ಬಿಣದ ಮಾತ್ರೆ ಕೊಟ್ಟರೂ ಹಿಮೋಗ್ಲೋಬಿನ್ ಏರುತ್ತಿಲ್ಲ, ರಕ್ತಕಣ ಎಣಿಸುವ ಸಿಬಿಸಿ ಪರೀಕ್ಷೆಯಲ್ಲಿ ಎಂಸಿವಿ (ಕೆಂಪು ಕಣದ ಗಾತ್ರ) ತೀರಾ ಕಡಿಮೆ, ಆದರೆ ಕೆಂಪು ಕಣದ ಸಂಖ್ಯೆ ಚೆನ್ನಾಗಿಯೇ ಇದೆ ಅಂದರೆ ಡಾಕ್ಟರಿಗೆ ಹೇಳಿ ಹಿಮೋಗ್ಲೋಬಿನ್ ಬಗೆಗಳನ್ನು ಅಳೆಯುವ ಎಚ್‌ಪಿಎಲ್‌ಸಿ ಪರೀಕ್ಷೆ ಮಾಡಿಸಿ. ಅದರಲ್ಲಿ ಎಚ್‌ಬಿ ಎ2 ಅನ್ನೋ ಬಗೆ 3.5 ಪರ್ಸೆಂಟ್‌ಗಿಂತ ಜಾಸ್ತಿ ಇದ್ದರೆ ಆಕೆ ಥಲಸೀಮಿಯಾ ಕ್ಯಾರಿಯರ್ ಇರಬಹುದು, ಗಂಡನನ್ನೂ ಕೂಡಲೇ ಕರೆಸಿ. ಹೊಟ್ಟೆಯಲ್ಲಿರುವ ಮಗುವಿನ ಪರೀಕ್ಷೆಯನ್ನು 11ರಿಂದ 13ನೇ ವಾರದಷ್ಟು ಬೇಗನೇ ಮಾಡಬಹುದು, ಹಾಗಾಗಿ 'ಮುಂದಿನ ತಿಂಗಳು ನೋಡೋಣ' ಅನ್ನೋದು ಇಲ್ಲಿ ನಡೆಯುವುದಿಲ್ಲ.

ಮಾತಿನ ವಿಷಯ ಇನ್ನೊಂದಿದೆ. ಹಿಂದೆ ನಾನು ಬೇರೆ ಕಡೆ ಡ್ಯೂಟಿಯಲ್ಲಿದ್ದಾಗ, ಹಿಮೋಫಿಲಿಯಾ (ರಕ್ತ ಸರಿಯಾಗಿ ಹೆಪ್ಪುಗಟ್ಟದ ಕಾಯಿಲೆ) ಇದ್ದ ಮಗುವಿನ ರಿಪೋರ್ಟ್ ನೋಡಿ ನಮ್ಮಲ್ಲೊಬ್ಬರು ವಾರ್ಡಿನ ಬಾಗಿಲಲ್ಲೇ, ಅತ್ತೆ ಮಾವ ಎಲ್ಲ ನಿಂತಿರುವಾಗ, "ಇದು ತಾಯಿ ಕಡೆಯಿಂದ ಬಂದಿರೋದು" ಅಂದುಬಿಟ್ಟರು. ಕೆಟ್ಟ ಉದ್ದೇಶ ಇರಲಿಲ್ಲ, ಪುಸ್ತಕದಲ್ಲಿದ್ದದ್ದನ್ನೇ ಹೇಳಿದರು. ಮಾರನೇ ದಿನದಿಂದ ಆ ಮಗುವಿನ ಪಕ್ಕ ತಾಯಿ ಒಬ್ಬಳೇ. ಊಟ ತರುವವರೂ ಇಲ್ಲ. ಹಿಮೋಫಿಲಿಯಾ ಬಂದ ಮಕ್ಕಳಲ್ಲಿ ಸುಮಾರು ಮೂರರಲ್ಲಿ ಒಂದು ಪಾಲಿನವರ ಮನೆಯಲ್ಲಿ ಮುಂಚೆ ಯಾರಿಗೂ ಅದು ಇದ್ದಿರುವುದಿಲ್ಲ, ಕೆಲವರಲ್ಲಿ ಆ ಬದಲಾವಣೆ ಹೊಸದಾಗಿ ಆಗಿರುತ್ತದೆ. ಇದನ್ನು ಪ್ರತಿ ಬ್ಯಾಚ್‌ಗೂ ಹೇಳುತ್ತೇನೆ, ಹೇಳುವಾಗ ಈಗಲೂ ಗಂಟಲು ಕಟ್ಟುತ್ತದೆ. ರಿಪೋರ್ಟ್ ವಿಷಯ ಬಾಗಿಲು ಹಾಕಿದ ಕೋಣೆಯಲ್ಲಿ, ಮೊದಲು ದಂಪತಿಗೆ ಮಾತ್ರ. 'ದೋಷ' ಅನ್ನೋ ಪದ ಬೇಡ, ಅದು ಜಾತಕಕ್ಕೆ ಹೋಗುತ್ತದೆ. 'ಕೆಟ್ಟ ಜೀನ್' ಬೇಡ. ಕ್ಯಾರಿಯರ್‌ಗೆ 'ವಾಹಕ' ಅಂದರೆ ಜನರಿಗೆ ಸೊಳ್ಳೆ ನೆನಪಾಗುತ್ತದೆ. "ನಿಮ್ಮಲ್ಲಿ ಒಂದು ಜೀನ್ ಬದಲಾಗಿದೆ, ಇನ್ನೊಂದು ಸರಿ ಇದೆ, ಅದಕ್ಕೇ ನೀವು ಆರೋಗ್ಯವಾಗಿದ್ದೀರಿ" ಅನ್ನೋದನ್ನು ಜೋಡಿ ಜೋಡಿಯಾಗಿ ಕೂರಿಸಿ ಹೇಳಿಸುತ್ತೇನೆ. ಸ್ತನ ಕ್ಯಾನ್ಸರಿನ ಬಿಆರ್‌ಸಿಎ ಜೀನ್ ಬಗ್ಗೆ ಮಾತಾಡುವಾಗ, ಅದು ಅಪ್ಪನಿಂದಲೂ ಮಗಳಿಗೆ ಬರಬಹುದು, ಹಾಗಾಗಿ ಅಪ್ಪನ ಅಕ್ಕತಂಗಿಯರ ಬಗ್ಗೆಯೂ ಕೇಳಲೇಬೇಕು ಅಂತ ಒತ್ತಿ ಹೇಳುತ್ತೇನೆ. ಎಷ್ಟೋ ಮಂದಿ ತಾಯಿ ಕಡೆಯದನ್ನು ಮಾತ್ರ ಕೇಳಿ ಫಾರಂ ಮುಚ್ಚಿಬಿಡುತ್ತಾರೆ.

ಉಳಿದದ್ದು ಕೈಕೆಲಸ. ಕ್ರೋಮೋಸೋಮ್ ಪರೀಕ್ಷೆಗೆ ಜೀವ ಇರುವ ಕಣ ಬೇಕು, ಅದಕ್ಕೆ ಹಸಿರು ಮುಚ್ಚಳದ ಹೆಪಾರಿನ್ ಟ್ಯೂಬ್, ಫ್ರೀಜರಿಗೆ ಹಾಕಬಾರದು. ಡಿಎನ್‌ಎಗೆ ನೇರಳೆ ಮುಚ್ಚಳದ ಇಡಿಟಿಎ. ಇದು ಅದಲುಬದಲಾದರೆ ಕಲಬುರಗಿಯಿಂದ ಬಸ್ಸಿನಲ್ಲಿ ಬಂದವರು ಮತ್ತೆ ಬರಬೇಕು. ಹುಟ್ಟಿನಿಂದ ಬರುವ ಕಾಯಿಲೆ ಪತ್ತೆಗೆ ಎಳೆ ಮಗುವಿನ ಹಿಮ್ಮಡಿ ರಕ್ತವನ್ನು ಪರೀಕ್ಷೆಯ ಕಾಗದಕ್ಕೆ ತೆಗೆಯುವಾಗ ಹಿಮ್ಮಡಿಯ ಅಂಚಿನಲ್ಲಿ ಚುಚ್ಚಿ, ನಡುವೆ ಬೇಡ. ಹಿಂಡಬೇಡಿ. ಒಂದು ದೊಡ್ಡ ಹನಿ ತಾನಾಗಿ ಕಾಗದದ ಆ ಕಡೆಗೂ ಇಳಿಯಬೇಕು. ಅಡ್ಡಲಾಗಿ ಇಟ್ಟು ಮೂರು ನಾಲ್ಕು ಗಂಟೆ ನೆರಳಲ್ಲಿ ಒಣಗಿಸಿ. ಜಿ6ಪಿಡಿ (ಕೆಂಪು ರಕ್ತಕಣವನ್ನು ಕಾಪಾಡುವ ಕಿಣ್ವ) ಕಡಿಮೆ ಇರುವ ಮಗುವಿನ ಮನೆಯವರಿಗೆ ಬೀರುವಿನಲ್ಲಿಟ್ಟ ನ್ಯಾಫ್ತಲಿನ್ ಗುಳಿಗೆಯ ಬಗ್ಗೆ ಹೇಳದೆ ಡಿಸ್ಚಾರ್ಜ್ ಮಾಡಬೇಡಿ. ಅಣ್ಣನ ಹಳೇ ಸ್ವೆಟರು, ಅಜ್ಜಿಯ ಕಂಬಳಿ ಎಲ್ಲ ಆ ವಾಸನೆಯಲ್ಲೇ ಮಗುವಿನ ಮೈಮೇಲೆ ಬರುತ್ತವೆ, ಅದರಿಂದ ರಕ್ತಕಣ ಒಡೆದು ಕಾಮಾಲೆ ಏರಬಹುದು.

ಒಂದು ಕೆಲಸ ಇನ್ನೂ ಬಾಕಿ ಇದೆ. ಬಸುರಿಯರ ಫಾರಂನಲ್ಲಿ 'ರಕ್ತಸಂಬಂಧ: ಹೌದು/ಇಲ್ಲ' ಅನ್ನೋದನ್ನು ತೆಗೆದು ನಮ್ಮ ಪ್ರಶ್ನೆ ಹಾಕಿ ಅಂತ ಎರಡು ಸಲ ಬರೆದುಕೊಟ್ಟಿದ್ದೇನೆ. ಹಳೇ ಫಾರಂ ಖಾಲಿಯಾಗಲಿ ಅಂದಿದ್ದಾರೆ. ಅಲ್ಲಿಯವರೆಗೆ ಆ ಹಿರಿಯ ಸಿಸ್ಟರ್ ತಮ್ಮ ಸರದಿಯ ಪ್ರತಿ ಫಾರಂನ ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ಬರೆಯುತ್ತಾರೆ: 'ಮುಂಚೆ ಮಾವ ಅಂತ ಕರೆಯುತ್ತಿದ್ದರು. ತಾಯಿಯ ತಮ್ಮ. ಕೇಳಿದ್ದೇನೆ.'